ಫ್ಲೈಟ್ ಶುರುವಾಗಿದೆ, ಮಕ್ಕಳನ್ನು ಕಳಿಸಬಹುದೇ?

ಗೌರಿಬಿದನೂರು ತಾಲೂಕಿನ ಅಲೀಪುರ ನಮ್ಮ ಕರಾವಳಿಯ ಓದುಗರಲ್ಲಿ ಹೆಚ್ಚಿನವರಿಗೆ ಪರಿಚಯ ಇರಲಿಕ್ಕಿಲ್ಲ. ಹರಳು ಕತ್ತರಿಸಿ ಹೊಳಪು ಕೊಡುವ ಕೆಲಸಕ್ಕೆ ಹೆಸರಾದ ಊರು. ಅಲ್ಲಿನವರಲ್ಲಿ ಬಹುಪಾಲು ಶಿಯಾ ಪಂಥದವರು, ಮನೆಮಾತು ಉರ್ದು. ನಮ್ಮ ಕಡೆಯ ಹುಡುಗರು ದುಬೈಗೆ, ದಮ್ಮಾಮಿಗೆ ಹೋಗುವ ಹಾಗೆ ಅಲ್ಲಿನವರು ಇರಾನಿಗೆ ಹೋಗುತ್ತಾರೆ. ಕುಮ್ ನಗರದಲ್ಲಿ ದೀನಿ ವಿದ್ಯೆ ಕಲಿಯಲು, ಟೆಹರಾನಿನಲ್ಲಿ ಡಾಕ್ಟರ್ ಓದಲು, ಮಶ್ಹದ್‌ಗೆ ಝಿಯಾರತಿಗೆ.

2025ರ ಜೂನ್ 13ರ ಶುಕ್ರವಾರ ಇಸ್ರೇಲ್ ಇರಾನಿನ ಮೇಲೆ ದಾಳಿ ಮಾಡಿತು. ಅಹಮದಾಬಾದಿನಲ್ಲಿ ಏರ್ ಇಂಡಿಯಾ ವಿಮಾನ ಬಿದ್ದು ಇನ್ನೂ ಒಂದು ದಿನ ಆಗಿತ್ತಷ್ಟೆ. ಇರಾನಿನ ಆಕಾಶ ಮುಚ್ಚಿತು. ಇರಾಕ್, ಜೋರ್ಡಾನ್, ಸಿರಿಯಾಗಳೂ ಮುಚ್ಚಿದವು. ಹಜ್ ಮುಗಿಸಿದ ಇರಾನಿ ಹಾಜಿಗಳನ್ನು ಸೌದಿ ಸರಕಾರ ಅರಾರ್ ಗಡಿಯಿಂದ ಇರಾಕ್ ದಾರಿಯಾಗಿ ಬಸ್ಸಿನಲ್ಲಿ ಕಳಿಸಬೇಕಾಯಿತು. ಅಲೀಪುರದ ಮನೆಗಳಲ್ಲಿ ಮಕ್ಕಳ ಫೋನ್ ಸಿಕ್ಕರೆ ನೆಮ್ಮದಿ, ಸಿಗದಿದ್ದರೆ ನಿದ್ದೆಯಿಲ್ಲ ಎಂಬಂತಾಯಿತು.

ಜುಲೈ ಮುಗಿಯುತ್ತಾ ಬಂತು. ಜೂನ್ 24ರಿಂದ ಕದನ ವಿರಾಮ ಇತ್ತು. ಟೆಹರಾನಿನ ವಿಮಾನ ನಿಲ್ದಾಣ ತೆರೆದಿತ್ತು. ಓದು ಅರ್ಧಕ್ಕೆ ಬಿಟ್ಟು ಬಂದ ಮಕ್ಕಳಿಗೆ ಪರೀಕ್ಷೆಯ ಚಿಂತೆ, ಅರ್ಬಈನ್‌ಗೆ ಕರ್ಬಲಾಕ್ಕೆ ಹೋಗಬೇಕೆಂದಿದ್ದವರಿಗೆ ಟಿಕೆಟ್ಟಿನ ಚಿಂತೆ. ಎಲ್ಲರ ಬಾಯಲ್ಲೂ ಆಗ ಒಂದೇ ಮಾತು: ಫ್ಲೈಟ್ ಬಿಟ್ಟಿದ್ದಾರಲ್ಲ, ಇನ್ನೇನು ಭಯ?

ಅಲೀಪುರದವರ ಮದ್‌ಹಬ್ ಬೇರೆ, ಭಾಷೆ ಬೇರೆ ನಿಜ. ಆದರೆ ಈ ಪ್ರಶ್ನೆ ನಮ್ಮದೂ ಹೌದು. ಗಲ್ಫಿನಲ್ಲಿ ಒಬ್ಬರಾದರೂ ಇಲ್ಲದ ಬ್ಯಾರಿ ಮನೆ ಹುಡುಕುವುದು ಕಷ್ಟ. ಜೂನ್ 23ರ ಸೋಮವಾರ ರಾತ್ರಿ ಕತಾರಿನ ಅಲ್ ಉದೈದ್ ನೆಲೆಯ ಕಡೆ ಇರಾನ್ ಕ್ಷಿಪಣಿ ಹಾರಿಸಿದಾಗ ಅದು ನಮಗೂ ಗೊತ್ತಾಯಿತು. ಕೆಲವು ಗಂಟೆಗಳ ಕಾಲ ಕತಾರ್, ಬಹ್ರೈನ್, ಕುವೈತ್, ಯುಎಇ ಆಕಾಶವೇ ಬಂದ್ ಆಯಿತು. ಏರ್ ಇಂಡಿಯಾ ಆ ಕಡೆಯ ಎಲ್ಲ ವಿಮಾನ ನಿಲ್ಲಿಸಿತು, ಮರುದಿನ ಒಂದೊಂದಾಗಿ ಮತ್ತೆ ಬಿಡಲು ಶುರುಮಾಡಿತು. ಆದ್ದರಿಂದ ವಿಮಾನ ಮತ್ತೆ ಶುರುವಾಗುವುದು ಅಂದರೆ ಏನು, ಅದನ್ನು ಯಾರು ತೀರ್ಮಾನಿಸುತ್ತಾರೆ, ಯಾವ ಲೆಕ್ಕದಲ್ಲಿ ಅಂತ ನಾವೆಲ್ಲರೂ ಸ್ವಲ್ಪ ತಿಳಿದಿರುವುದು ಒಳ್ಳೆಯದು.

ಬಾಗಿಲು ತೆರೆಯುವುದು ಒಮ್ಮೆಗೇ ಅಲ್ಲ

ಇರಾನಿನ ಆಕಾಶ ಹೇಗೆ ತೆರೆಯಿತು ನೋಡಿ. ಯುದ್ಧ ನಡೆಯುತ್ತಿರುವಾಗಲೇ, ಜೂನ್ 20ಕ್ಕೆ, ಮುಚ್ಚಿದ ಆಕಾಶವನ್ನು ಭಾರತೀಯರನ್ನು ಕಳಿಸಲಿಕ್ಕೆಂದು ಇರಾನ್ ತೆರೆದುಕೊಟ್ಟಿತು. ನಮ್ಮ ದೂತಾವಾಸ ಟೆಹರಾನಿನಲ್ಲಿದ್ದ ವಿದ್ಯಾರ್ಥಿಗಳನ್ನು ಮೊದಲು ಕುಮ್‌ಗೆ, ಅಲ್ಲಿಂದ ಪೂರ್ವದ ಮಶ್ಹದ್‌ಗೆ ಬಸ್ಸಿನಲ್ಲಿ ಸಾಗಿಸಿತ್ತು. ಅಲ್ಲಿಂದ ಇರಾನಿನದೇ ಮಹಾನ್ ಏರ್ ವಿಮಾನ ದಿಲ್ಲಿಗೆ ತಂದಿತು. ಅದಕ್ಕೂ ಮೊದಲು ಉತ್ತರದ ಉರ್ಮಿಯಾದಲ್ಲಿದ್ದ 110 ವಿದ್ಯಾರ್ಥಿಗಳು ಭೂಮಾರ್ಗವಾಗಿ ಅರ್ಮೇನಿಯಾಕ್ಕೆ ದಾಟಿ, ಯೆರೆವಾನಿನಿಂದ ಹೊರಟು ಜೂನ್ 19ರ ನಸುಕಿಗೆ ದಿಲ್ಲಿಗೆ ಬಂದಿದ್ದರು. ಇದಕ್ಕೆಲ್ಲ ಸರಕಾರ ಇಟ್ಟ ಹೆಸರು ‘ಆಪರೇಷನ್ ಸಿಂಧು’. ಇರಾನಿನಿಂದ 3,500ಕ್ಕೂ ಹೆಚ್ಚು, ಇಸ್ರೇಲಿನಿಂದ 800ಕ್ಕೂ ಹೆಚ್ಚು ಮಂದಿ ಹೀಗೆ ವಾಪಸಾದರು. ಅವರಲ್ಲಿ ಕರ್ನಾಟಕದವರೂ ಇದ್ದರು.

ಕದನ ವಿರಾಮದ ಬಳಿಕ ಮೊದಲು ತೆರೆದದ್ದು ದೇಶದ ಪೂರ್ವ ಭಾಗದ ಆಕಾಶ ಮಾತ್ರ. ಆಮೇಲೆ ಮಧ್ಯ ಮತ್ತು ಪಶ್ಚಿಮ ಭಾಗ, ಅದೂ ಮೇಲಿಂದ ಹಾದುಹೋಗುವ ವಿಮಾನಗಳಿಗೆ. ಟೆಹರಾನಿನ ಮೆಹ್ರಾಬಾದ್ ಮತ್ತು ಇಮಾಮ್ ಖೊಮೇನಿ ನಿಲ್ದಾಣಗಳು ತೆರೆದಾಗ ಜುಲೈ ಬಂದಿತ್ತು. ಆಗಲೂ ಬೆಳಗ್ಗೆ 5ರಿಂದ ಸಂಜೆ 6ರ ತನಕ ಮಾತ್ರ ಹಾರಾಟ. ಇಸ್ಫಹಾನ್, ತಬ್ರೀಝ್ ನಿಲ್ದಾಣಗಳನ್ನು ಇನ್ನೂ ಹಿಂದಕ್ಕೆ ಇಟ್ಟರು.

ಹಗಲು ಮಾತ್ರ ಅಂತ ಯಾಕೆ? ಯುದ್ಧ ನಿಂತರೂ ವಾಯು ರಕ್ಷಣೆಯವರ ಕೈ ಇನ್ನೂ ಟ್ರಿಗರ್ ಮೇಲೇ ಇರುತ್ತದೆ. ರಾತ್ರಿ ಆಕಾಶದಲ್ಲಿ ಬರುವ ಒಂದು ಚುಕ್ಕೆ ಪ್ರಯಾಣಿಕರ ವಿಮಾನವೋ, ಶತ್ರುವಿನದೋ ಅಂತ ಗಾಬರಿಯಲ್ಲಿ ತಪ್ಪು ತಿಳಿಯುವ ಅಪಾಯ ಹೆಚ್ಚು. ಇದು ಬರೀ ಊಹೆಯ ಮಾತಲ್ಲ. ಟೆಹರಾನಿನಲ್ಲೇ ಇದು ನಡೆದುಹೋಗಿದೆ.

ಮೂರು ವಿಮಾನಗಳ ಪಾಠ

2020ರ ಜನವರಿ 8ರ ನಸುಕಿನಲ್ಲಿ ಇರಾಕಿನ ಅಮೆರಿಕನ್ ನೆಲೆಗಳ ಮೇಲೆ ಇರಾನ್ ಕ್ಷಿಪಣಿ ಹಾರಿಸಿತು. ತಿರುಗೇಟು ಬರಬಹುದೆಂದು ವಾಯು ರಕ್ಷಣೆಯವರು ಕಾದು ಕುಳಿತಿದ್ದರು. ಆದರೆ ಆಕಾಶ ಮುಚ್ಚಿರಲಿಲ್ಲ. ಆ ಬೆಳಗ್ಗೆ ಕೆಲವು ವಿಮಾನಗಳು ಏನೂ ಆಗದೆ ಹೊರಟವು. ಆಮೇಲೆ ಹೊರಟ ಉಕ್ರೇನ್ ಇಂಟರ್‌ನ್ಯಾಷನಲ್ ಏರ್‌ಲೈನ್ಸ್ ವಿಮಾನವನ್ನು ಇರಾನಿನದೇ ಪಡೆಗಳು ಕ್ಷಿಪಣಿಯಿಂದ ಹೊಡೆದುರುಳಿಸಿದವು. 176 ಮಂದಿಯೂ ತೀರಿಹೋದರು. ತಪ್ಪಾಗಿ ಹೊಡೆದದ್ದು ಎಂದು ಇರಾನ್ ಒಪ್ಪಿಕೊಂಡದ್ದು ಮೂರು ದಿನದ ನಂತರ.

2014ರ ಜುಲೈ 17ರಂದು ಆಮ್‌ಸ್ಟರ್‌ಡ್ಯಾಮಿನಿಂದ ಕ್ವಾಲಾಲಂಪುರಕ್ಕೆ ಹೊರಟ ಮಲೇಷ್ಯಾ ಏರ್‌ಲೈನ್ಸ್ ವಿಮಾನ ಉಕ್ರೇನಿನ ಪೂರ್ವ ಭಾಗದ ಮೇಲೆ 33,000 ಅಡಿ ಎತ್ತರದಲ್ಲಿತ್ತು. ಅಲ್ಲಿ 32,000 ಅಡಿಗಿಂತ ಕೆಳಗೆ ಹಾರಬಾರದು ಅಂತ ಆದೇಶ ಇತ್ತು, ಅದಕ್ಕಿಂತ ಮೇಲೆ ತೆರೆದಿತ್ತು. ಕ್ಷಿಪಣಿಗೆ ಆ ಒಂದು ಸಾವಿರ ಅಡಿ ಲೆಕ್ಕವೇ ಅಲ್ಲ. 298 ಮಂದಿ ಹೋದರು. ಅದೇ ದಿನ ಅದೇ ಪ್ರದೇಶದ ಮೇಲೆ 160 ವಿಮಾನಗಳು ಹಾರಿದ್ದವು ಎಂದು ಡಚ್ ತನಿಖೆ ಹೇಳಿತು. ಎಲ್ಲರೂ ಹಾರುತ್ತಿದ್ದಾರೆ ಅಂತ ಎಲ್ಲರೂ ಹಾರುತ್ತಿದ್ದರು.

ಮೂರನೆಯದು ನಮ್ಮ ಗಲ್ಫ್ ದಾರಿಯಲ್ಲೇ ಆದದ್ದು. 1988ರ ಜುಲೈ 3ರಂದು ಬಂದರ್ ಅಬ್ಬಾಸಿನಿಂದ ದುಬೈಗೆ ಹೊರಟ ಇರಾನ್ ಏರ್ ವಿಮಾನವನ್ನು ಅಮೆರಿಕದ ‘ವಿನ್‌ಸೆನ್ಸ್’ ಯುದ್ಧನೌಕೆ ಶತ್ರು ವಿಮಾನ ಅಂದುಕೊಂಡು ಹೊಡೆಯಿತು. ಸತ್ತ 290 ಮಂದಿಯಲ್ಲಿ 10 ಮಂದಿ ಭಾರತೀಯರು.

ಮೂರು ಕಡೆ ಹೊಡೆದವರು ಬೇರೆ ಬೇರೆ. ಆದರೆ ಆಕಾಶ ಅಧಿಕೃತವಾಗಿ ತೆರೆದಿತ್ತು, ಟಿಕೆಟ್ ಮಾರಾಟವಾಗಿತ್ತು ಎಂಬುದು ಮೂರರಲ್ಲೂ ಒಂದೇ. ವಿಮಾನ ಹಾರುತ್ತಿದೆ ಅಂದ ಮಾತ್ರಕ್ಕೆ ಅಪಾಯ ಮುಗಿದಿದೆ ಅಂತ ಅರ್ಥ ಅಲ್ಲ. ಯಾರೋ ಆ ಅಪಾಯವನ್ನು ಲೆಕ್ಕ ಹಾಕಿ, ಇಷ್ಟು ಪರವಾಗಿಲ್ಲ ಅಂದಿದ್ದಾರೆ ಅಂತ ಮಾತ್ರ ಅರ್ಥ.

ಆ ಲೆಕ್ಕ ಹಾಕುವವರು ಯಾರು?

ಮೊದಲನೆಯದು ಆ ದೇಶದ ಸರಕಾರ. 1944ರ ಶಿಕಾಗೋ ಒಪ್ಪಂದದ ಪ್ರಕಾರ ಪ್ರತಿ ದೇಶಕ್ಕೂ ತನ್ನ ಆಕಾಶದ ಮೇಲೆ ಪೂರ್ಣ ಅಧಿಕಾರ. ಮುಚ್ಚುವುದೂ ತೆರೆಯುವುದೂ ಅವರಿಗೆ ಬಿಟ್ಟದ್ದು. ಪೈಲಟ್‌ಗಳಿಗೆ ಹೋಗುವ ಆ ಸೂಚನೆಗೆ ‘ನೋಟಾಮ್’ ಎನ್ನುತ್ತಾರೆ. ಆದರೆ ಆಕಾಶ ಮುಚ್ಚಿದರೆ ದೇಶಕ್ಕೆ ನಷ್ಟ. ಮೇಲಿಂದ ಹಾದುಹೋಗುವ ವಿಮಾನಗಳು ಕೊಡುವ ಶುಲ್ಕ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಪರಿಸ್ಥಿತಿ ನಮ್ಮ ಕೈಮೀರಿದೆ ಅಂತ ಲೋಕದ ಎದುರು ಒಪ್ಪಿಕೊಂಡ ಹಾಗಾಗುತ್ತದೆ. ಬೇಗ ತೆರೆಯುವ ಆಸೆ ಯಾವ ಸರಕಾರಕ್ಕೂ ಇರುತ್ತದೆ.

ಎರಡನೆಯದು ವಿಮಾನ ಕಂಪೆನಿಯ ಸ್ವಂತ ದೇಶ. ಭಾರತದಲ್ಲಿ ಡಿಜಿಸಿಎ, ಯುರೋಪಿನಲ್ಲಿ ಅವರದೇ ಸುರಕ್ಷತಾ ಸಂಸ್ಥೆ. ಇಂಥ ಕಡೆ ಹೋಗಬೇಡಿ, ಇಷ್ಟು ಎತ್ತರಕ್ಕಿಂತ ಕೆಳಗೆ ಹಾರಬೇಡಿ ಅಂತ ಇವರು ಹೇಳುತ್ತಾರೆ.

ಮೂರನೆಯದು ಕಂಪೆನಿ. ನಾಲ್ಕನೆಯದು, ನಮ್ಮ ಕಣ್ಣಿಗೆ ಬೀಳದ ಇನ್ಶೂರೆನ್ಸ್. ವಿಮಾನಕ್ಕೆ ಯುದ್ಧದ ಅಪಾಯದ ವಿಮೆ ಬೇರೆಯೇ ಇರುತ್ತದೆ. ಪರಿಸ್ಥಿತಿ ಕೆಟ್ಟರೆ ಸಾಮಾನ್ಯವಾಗಿ ಏಳು ದಿನದ ನೋಟಿಸ್ ಕೊಟ್ಟು ವಿಮೆದಾರರು ಕೈ ಎತ್ತಬಹುದು, ಇಲ್ಲವೇ ಪ್ರೀಮಿಯಂ ಏರಿಸಬಹುದು. ವಿಮೆ ಇಲ್ಲದೆ ಯಾವ ಕಂಪೆನಿಯೂ ವಿಮಾನ ಎಬ್ಬಿಸುವುದಿಲ್ಲ. ಐದನೆಯದು ಪೈಲಟ್ ಮತ್ತು ಸಿಬ್ಬಂದಿ. ರಾತ್ರಿ ಅಲ್ಲಿ ಹೋಟೆಲಲ್ಲಿ ಉಳಿಯಬೇಕಾ, ಇಳಿಸಿ ಹತ್ತಿಸಿ ಕೂಡಲೇ ಹೊರಡಬಹುದಾ? ಅಲ್ಲಿ ಇಂಧನ ತುಂಬಿಸಬೇಕಾ, ಇಲ್ಲಿಂದಲೇ ವಾಪಸು ಬರುವಷ್ಟು ಒಯ್ಯಬಹುದಾ? ಶುರುವಿನ ದಿನಗಳಲ್ಲಿ ಕಂಪೆನಿಗಳು ಇದನ್ನೆಲ್ಲ ನೋಡಿಯೇ ಹೊರಡುತ್ತವೆ.

ಒಬ್ಬರು ಹೂಂ ಅಂದರೂ ಇನ್ನೊಬ್ಬರು ಊಹೂಂ ಅನ್ನಬಹುದು. ನಮ್ಮ ದೇಶದಲ್ಲೇ 2025ರ ಮೇ ತಿಂಗಳಲ್ಲಿ ನೋಡಿದೆವಲ್ಲ. ಪಾಕಿಸ್ತಾನದೊಂದಿಗಿನ ಸಂಘರ್ಷದ ವೇಳೆ ಉತ್ತರ ಮತ್ತು ಪಶ್ಚಿಮ ಭಾರತದ 32 ವಿಮಾನ ನಿಲ್ದಾಣಗಳನ್ನು ಮುಚ್ಚಿದ್ದರು. ಮೇ 12ಕ್ಕೆ ತೆರೆಯಿತು ಅಂತ ಸುದ್ದಿ ಬಂತು. ಆದರೆ ಮೇ 13ರ ಹಲವು ವಿಮಾನಗಳನ್ನು ಇಂಡಿಗೋ, ಏರ್ ಇಂಡಿಯಾ ತಾವೇ ರದ್ದು ಮಾಡಿದವು. ನಿಲ್ದಾಣ ತೆರೆದಿತ್ತು, ವಿಮಾನ ಇರಲಿಲ್ಲ. ಜಮ್ಮು, ಅಮೃತಸರಕ್ಕೆ ಟಿಕೆಟ್ ಮಾಡಿದವರಿಗೆ ಆ ದಿನ ಈ ವ್ಯತ್ಯಾಸ ಚೆನ್ನಾಗಿಯೇ ಅರ್ಥವಾಯಿತು.

ಶುರು, ಬಂದ್, ಮತ್ತೆ ಶುರು

ಒಮ್ಮೆ ಶುರುವಾದರೆ ಆಮೇಲೆ ನಡೆಯುತ್ತದೆ ಎಂಬ ಭರವಸೆಯೂ ಇಲ್ಲ. ದಿಲ್ಲಿಯಿಂದ ಇಸ್ರೇಲಿನ ಟೆಲ್ ಅವೀವ್‌ಗೆ ಏರ್ ಇಂಡಿಯಾ ವಿಮಾನದ ಕತೆ ಕೇಳಿ. ನಮ್ಮ ದಕ್ಷಿಣ ಕನ್ನಡ, ಉಡುಪಿಯಿಂದ ಹೋಗಿ ಅಲ್ಲಿ ವೃದ್ಧರ ಆರೈಕೆಯ ಕೆಲಸ ಮಾಡುವವರು ಬಹಳ ಇರುವುದರಿಂದ ಕರಾವಳಿಗೂ ಇದು ಸಂಬಂಧಪಟ್ಟದ್ದೇ. 2023ರ ಅಕ್ಟೋಬರ್ 7ರ ಬಳಿಕ ಆ ವಿಮಾನ ನಿಂತಿತು. 2024ರ ಮಾರ್ಚ್‌ನಲ್ಲಿ ಶುರುವಾಯಿತು. ಏಪ್ರಿಲಿನಲ್ಲಿ ನಿಂತಿತು, ಮೇಯಲ್ಲಿ ಶುರುವಾಯಿತು, ಆಗಸ್ಟಿನಲ್ಲಿ ಮತ್ತೆ ನಿಂತಿತು. 2025ರ ಮಾರ್ಚ್‌ನಲ್ಲಿ ಪುನಃ ಹೊರಟಿತು. ಮೇ 4ರಂದು ಯಮನಿನ ಹೂಥಿಗಳು ಹಾರಿಸಿದ ಕ್ಷಿಪಣಿ ಟೆಲ್ ಅವೀವ್ ನಿಲ್ದಾಣದ ಬಳಿಯೇ ಬಿತ್ತು. ದಿಲ್ಲಿಯಿಂದ ಹೊರಟ ಏರ್ ಇಂಡಿಯಾ ವಿಮಾನ ಇಳಿಯಲು ಆಗ ಒಂದು ಗಂಟೆಯೂ ಉಳಿದಿರಲಿಲ್ಲ. ಅದನ್ನು ಅಬುಧಾಬಿಗೆ ತಿರುಗಿಸಿದರು. ಮತ್ತೆ ಬಂದ್.

ನಿಲ್ಲಿಸಬೇಕಾದಾಗ ನಿಲ್ಲಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹಳೆಯ ಉದಾಹರಣೆ ಕುವೈತ್. 1990ರ ಆಗಸ್ಟ್ 2ರಂದು ಇರಾಕ್ ಸೇನೆ ಕುವೈತ್ ಗಡಿ ದಾಟಿದ ಮೇಲೆ ಲಂಡನಿನಿಂದ ಬಂದ ಬ್ರಿಟಿಷ್ ಏರ್‌ವೇಸ್ ವಿಮಾನ ಅಲ್ಲಿ ಇಳಿಯಿತು. ಅದು ಮದ್ರಾಸಿಗೂ ಮುಂದೆ ಕ್ವಾಲಾಲಂಪುರಕ್ಕೂ ಹೋಗಬೇಕಾದ ವಿಮಾನ. ಮತ್ತೆ ಅದು ಏಳಲೇ ಇಲ್ಲ. ಪ್ರಯಾಣಿಕರು ಇರಾಕಿಗಳ ಕೈಯಲ್ಲಿ ಸಿಕ್ಕಿಬಿದ್ದರು. ಕೆಲವರನ್ನು ತಿಂಗಳುಗಟ್ಟಲೆ ಒತ್ತೆ ಇಟ್ಟರು. ವಿಮಾನ ಇಳಿಯುವ ಮೊದಲೇ ದಾಳಿಯ ಸುದ್ದಿ ಬ್ರಿಟಿಷ್ ಸರಕಾರಕ್ಕೆ ತಲುಪಿತ್ತು, ಕಂಪೆನಿಗೆ ಹೇಳಿರಲಿಲ್ಲ ಎಂಬುದನ್ನು ಆ ಸರಕಾರ ಒಪ್ಪಿಕೊಂಡದ್ದು 2021ರಲ್ಲಿ, 31 ವರ್ಷ ಕಳೆದ ಮೇಲೆ.

ಅದೇ ಕುವೈತ್‌ನಿಂದ ನಮ್ಮವರು ಹೇಗೆ ಬಂದರು ಅಂತ ಹಿರಿಯರನ್ನು ಕೇಳಿ. ಕುವೈತ್ ಆಕಾಶ ಬಂದ್. ಬಸ್ಸು ಹತ್ತಿ ಬಸ್ರಾ, ಬಗ್ದಾದ್ ದಾಟಿ ಜೋರ್ಡಾನಿನ ಅಮ್ಮಾನ್ ಸೇರಬೇಕಿತ್ತು. ಅಲ್ಲಿಂದ ಏರ್ ಇಂಡಿಯಾ 59 ದಿನಗಳಲ್ಲಿ 488 ಹಾರಾಟ ಮಾಡಿ 1,11,000ಕ್ಕೂ ಹೆಚ್ಚು ಜನರನ್ನು ಮುಂಬೈಗೆ ತಂದಿತು. ವರ್ಷಗಟ್ಟಲೆ ಉಳಿಸಿದ ಹಣ, ಅಂಗಡಿ, ಸಾಮಾನು ಎಲ್ಲ ಬಿಟ್ಟು ಒಂದು ಬ್ಯಾಗಿನಲ್ಲಿ ಬಂದವರು ಎಷ್ಟೋ ಮಂದಿ. ಪಾಸ್‌ಪೋರ್ಟ್ ಕಫೀಲನ ಕೈಯಲ್ಲಿ ಇದ್ದವರ ಪಾಡು ಇನ್ನೂ ಕಷ್ಟ.

ನಮ್ಮ ಊರಿಗೂ ಇದರ ಬಿಸಿ

ವಿಮಾನ ನಿಂತರೆ ಪ್ರಯಾಣಿಕರಿಗೆ ಮಾತ್ರ ತೊಂದರೆ ಅಂತ ತಿಳಿಯಬೇಡಿ. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ ಚಿಕ್ಕಬಳ್ಳಾಪುರಕ್ಕೆ ಕೂಗಳತೆ ಅನ್ನಬಹುದು. ಇಲ್ಲಿನ ಹೂವು, ತರಕಾರಿ, ಹಣ್ಣು ಹೊರದೇಶಕ್ಕೆ ಹೋಗುವುದು ಆ ನಿಲ್ದಾಣದಿಂದಲೇ. ಎಲ್ಲವೂ ಸರಕು ವಿಮಾನದಲ್ಲೇ ಹೋಗುವುದಿಲ್ಲ. ನಾವು ಕುಳಿತ ಸೀಟಿನ ಕೆಳಗೆ, ನಮ್ಮ ಲಗೇಜಿನ ಪಕ್ಕದಲ್ಲೇ ಬಹಳಷ್ಟು ಹೋಗುತ್ತದೆ. ಗಲ್ಫ್ ಫ್ಲೈಟ್ ಒಂದು ರಾತ್ರಿ ನಿಂತರೆ ಬೆಳಗ್ಗೆ ಕೊಯ್ದ ಹೂವಿಗೆ ನಾಳೆ ಎಂಬುದಿಲ್ಲ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ, ಚಿಂತಾಮಣಿಯ ಮಂಡಿಯಲ್ಲಿ ದುಡಿಯುವ ಮನೆಗಳಿಗೂ ಗಲ್ಫಿನಿಂದ ಬರುವ ತಿಂಗಳ ಹಣದ ಆಸರೆ ಇದೆ. ಹಾಗಾಗಿ ವಿಮಾನ ಬೇಗ ಶುರುವಾಗಲಿ ಎಂಬ ಆಸೆ ಎಲ್ಲರದ್ದೂ. ಆ ಆಸೆ ತಪ್ಪಲ್ಲ. ಆಸೆಯ ಭರದಲ್ಲಿ ವಿಚಾರಿಸುವುದನ್ನು ಬಿಡಬಾರದು ಅಷ್ಟೆ.

ಹೊರಡುವ ಮುಂಚೆ ಏನು ನೋಡಬೇಕು?

2025ರ ಜುಲೈ 15ರಂದು ಟೆಹರಾನಿನ ಭಾರತೀಯ ದೂತಾವಾಸ ಒಂದು ಸೂಚನೆ ಹೊರಡಿಸಿತು. ಅಗತ್ಯವಿಲ್ಲದ ಪ್ರಯಾಣವಾದರೆ, ಹೊರಡುವ ಮುನ್ನ ಬದಲಾಗುತ್ತಿರುವ ಪರಿಸ್ಥಿತಿಯನ್ನು ಚೆನ್ನಾಗಿ ಯೋಚಿಸಿ ಎಂದು ಅದು ಹೇಳಿತು. ಅಲ್ಲಿ ಆಗಲೇ ಇದ್ದವರಲ್ಲಿ ಹೊರಡಬೇಕು ಎಂದಿದ್ದವರು ಆಗ ಲಭ್ಯವಿದ್ದ ವಿಮಾನ ಮತ್ತು ಹಡಗಿನ ವ್ಯವಸ್ಥೆ ಬಳಸಿಕೊಳ್ಳಬಹುದು ಎಂದೂ ಹೇಳಿತು. ಇದನ್ನು ಗಮನಿಸಿ ಓದಬೇಕು. ನಿಲ್ದಾಣ ತೆರೆದು ಸುಮಾರು ಎರಡು ವಾರ ಆದ ಮೇಲೆ ಬಂದ ಮಾತು ಇದು. ಅದೇ ವಿಮಾನವನ್ನು ಬರುವ ದಾರಿಯಾಗಿ ತೋರಿಸಿದರು, ಹೋಗುವವರಿಗೆ ಯೋಚಿಸಿ ಅಂದರು.

ಇರಾನಿಗೆ ಆಗಲಿ, ನಾಳೆ ಇನ್ನೊಂದು ದೇಶಕ್ಕೆ ಆಗಲಿ, ಮನೆಯವರು ಕೂತು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಕೆಲವು ಇವೆ.

ಹೋಗುವುದು ಎಷ್ಟು ಅಗತ್ಯ? ಪರೀಕ್ಷೆ, ಕೆಲಸದ ವೀಸಾದ ಅವಧಿ ಬೇರೆ. ಮುಂದಿನ ವರ್ಷವೂ ಮಾಡಬಹುದಾದ ಪ್ರಯಾಣ ಬೇರೆ. ಪರೀಕ್ಷೆಯನ್ನು ಮುಂದಕ್ಕೆ ಹಾಕುತ್ತಾರಾ, ಆನ್‌ಲೈನಿನಲ್ಲಿ ಕ್ಲಾಸ್ ಇದೆಯಾ ಅಂತ ವಿಶ್ವವಿದ್ಯಾಲಯಕ್ಕೆ ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಗೆಳೆಯರ ವಾಟ್ಸ್ಆ್ಯಪ್ ಗ್ರೂಪಿನ ಮಾತು ಸಾಲದು.

ಯಾವ ಕಂಪೆನಿಗಳು ಹೋಗುತ್ತಿವೆ? ಆ ದೇಶದ ಸ್ವಂತ ವಿಮಾನ ಮಾತ್ರ ಹಾರುತ್ತಿದ್ದರೆ ಒಂದು ಅರ್ಥ. ನಾಲ್ಕಾರು ಹೊರದೇಶದ ಕಂಪೆನಿಗಳು ವಾರಗಟ್ಟಲೆ ತಪ್ಪದೆ, ರಾತ್ರಿಯೂ ಹೋಗಿ ಬರುತ್ತಿದ್ದರೆ ಇನ್ನೊಂದು ಅರ್ಥ.

ವಿಮಾನ ನಿಂತರೆ ಬೇರೆ ದಾರಿ ಯಾವುದು? 2025ರಲ್ಲಿ ಉರ್ಮಿಯಾದ ಮಕ್ಕಳಿಗೆ ಅರ್ಮೇನಿಯಾದ ಗಡಿ ದಾರಿಯಾಯಿತು. ಟೆಹರಾನಿನವರು ಮಶ್ಹದ್ ಸೇರಲು ದೇಶದ ಅರ್ಧ ಭಾಗ ದಾಟಬೇಕಾಯಿತು. ಮಗ ಇರುವ ಊರಿಗೆ ಹತ್ತಿರದ ಗಡಿ ಯಾವುದು ಅಂತ ನಕ್ಷೆ ತೆಗೆದು ಒಮ್ಮೆ ನೋಡಿಟ್ಟರೆ ನಷ್ಟವೇನಿಲ್ಲ.

ದೂತಾವಾಸದಲ್ಲಿ ಹೆಸರು ನೋಂದಾಯಿಸಿದೆಯಾ? ಅಲ್ಲಿನ ಫೋನ್ ನಂಬರ್ ಮನೆಯವರ ಬಳಿಯೂ ಇರಲಿ. ಪಾಸ್‌ಪೋರ್ಟ್ ಯಾರ ಕೈಯಲ್ಲಿ ಇರುತ್ತದೆ? ಹಾಸ್ಟೆಲಿನ ಆಫೀಸಿನಲ್ಲಿ, ಕಫೀಲನ ಬೀರುವಿನಲ್ಲಿ ಇದ್ದರೆ ತುರ್ತಿಗೆ ಒದಗುವುದಿಲ್ಲ. ಅದರ ಪ್ರತಿ ಮನೆಯಲ್ಲಿರಲಿ. ಬ್ಯಾಂಕ್, ಇಂಟರ್‌ನೆಟ್ ಎರಡೂ ನಿಂತರೆ ಒಂದೆರಡು ವಾರಕ್ಕೆ ಸಾಕಾಗುವಷ್ಟು ನಗದು ಕೈಯಲ್ಲಿರಲಿ. ಇರಾನಿನಲ್ಲಿ 2025ರ ಜೂನಿನಲ್ಲಿ ಇಂಟರ್‌ನೆಟ್ ಕಡಿತವಾಗಿ ಮನೆಯವರಿಗೆ ಮಕ್ಕಳ ಸುದ್ದಿಯೇ ಸಿಗದ ದಿನಗಳಿದ್ದವು.

ಟಿಕೆಟ್ ವಿಷಯ. ಕಂಪೆನಿಯೇ ವಿಮಾನ ರದ್ದು ಮಾಡಿದರೆ ಹಣ ವಾಪಸು ಇಲ್ಲವೇ ಬೇರೆ ವಿಮಾನ ಕೇಳುವ ಹಕ್ಕು ನಮಗಿದೆ. ಯುದ್ಧದಂಥ ಕಾರಣಕ್ಕೆ ರದ್ದಾದರೆ ಅದರ ಮೇಲೆ ಪರಿಹಾರ ಅಂತ ಸಿಗುವುದಿಲ್ಲ. ಭಯಪಟ್ಟು ನಾವೇ ರದ್ದು ಮಾಡಿದರೆ ಕಂಪೆನಿಯ ಮಾಮೂಲಿ ಕಡಿತ ಬೀಳುತ್ತದೆ. ಆದ್ದರಿಂದ ದಿನಾಂಕ ಬದಲಿಸಬಹುದಾದ ಟಿಕೆಟ್, ಸ್ವಲ್ಪ ಹೆಚ್ಚಾದರೂ, ಮೇಲು. ಪ್ರಯಾಣ ವಿಮೆ ಮಾಡಿಸಿದ್ದೇವೆ ಅಂತ ಧೈರ್ಯ ಬೇಡ. ಹೆಚ್ಚಿನ ಪಾಲಿಸಿಗಳಲ್ಲಿ ಯುದ್ಧದಿಂದಾದ ನಷ್ಟಕ್ಕೆ ಹಣ ಇಲ್ಲ ಎಂಬ ಸಾಲು ಸಣ್ಣ ಅಕ್ಷರದಲ್ಲಿ ಇರುತ್ತದೆ. ಏಜೆಂಟರ ಹತ್ತಿರ ಅದನ್ನು ಓದಿಸಿಯೇ ಸಹಿ ಹಾಕಿ.

ಕೊನೆಗೆ ತಂದೆ ತಾಯಿಗಳಿಗೆ ಒಂದು ಮಾತು. ಮಗ ಧೈರ್ಯವಂತ, ಹೋಗುತ್ತೇನೆ ಅನ್ನುತ್ತಾನೆ. ಕೂಡಲೇ ಹೋಗು ಅನ್ನುವುದೂ ಬೇಡ, ಕೂಡಲೇ ಬೇಡ ಅನ್ನುವುದೂ ಬೇಡ. ವರ್ಷಗಳ ಓದು, ಮಾಡಿದ ಸಾಲ, ಮುಂದಿನ ಬದುಕು ಎಲ್ಲ ಅದರಲ್ಲಿದೆ. ನಾವು ಪಾಠ ಹೇಳುವ ಮಕ್ಕಳಿಗೂ ಇದನ್ನೇ ಹೇಳುತ್ತೇವೆ: ದುಆ ಮಾಡುವುದೂ ಬೇಕು, ವಿಚಾರಿಸುವುದೂ ಬೇಕು, ಒಂದು ಮಾಡಿದ್ದೇವೆ ಅಂತ ಇನ್ನೊಂದನ್ನು ಬಿಡುವ ಹಾಗಿಲ್ಲ. ಸರಕಾರ, ಕಂಪೆನಿ, ವಿಮೆಯವರು ತಮ್ಮ ತಮ್ಮ ಲೆಕ್ಕ ಹಾಕಿಯೇ ವಿಮಾನ ಬಿಡುತ್ತಾರೆ. ಅವರ ಲೆಕ್ಕದಲ್ಲಿ ನಮ್ಮ ಮಗ 180 ಸೀಟುಗಳಲ್ಲಿ ಒಂದು. ಮನೆಯ ಲೆಕ್ಕವನ್ನು ಮನೆಯವರೇ ಹಾಕಬೇಕು.